ಭಾವನ ಬಲಗಣ್ಣು

ನಮ್ಮ ಭಾವ ಬಡಗಿ. ಮರದ ಅಂಚು ನೆಟ್ಟಗಿದೆಯೋ ಇಲ್ಲವೋ ನೋಡಲು ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರ ಉದ್ದಕ್ಕೂ ದಿಟ್ಟಿಸುತ್ತಾರೆ. ಆ ಕಣ್ಣು ಹೇಳಿದ್ದೇ ಕೊನೆಯ ಮಾತು. ಅವರು ಮಾಡಿದ್ದಕ್ಕೆ ಪಾಲಿಶ್ ಹೊಡೆಯುವವನು ನಾನು. ಎದುರಾಡಿದರೆ ಗ್ರಹಚಾರ ಬಿಡಿಸಿಬಿಡುತ್ತಾರೆ.

ಹೋದ ವರ್ಷ ಅವರಿಗೆ ಬಂದ ಮರವೆಲ್ಲ ಸೊಟ್ಟಗೆ ಕಾಣತೊಡಗಿತು. ಮರದಂಗಡಿಯವನಿಗೆ ಹಿಡಿಶಾಪ ಹಾಕುತ್ತ ಉಜ್ಜುಗೊರಡು ಹೊಡೆದರು, ನೋಡಿದರು, ಮತ್ತೆ ಹೊಡೆದರು. ಬೀರುವಿನ ಬಾಗಿಲೊಂದು ಸವೆದು ಸವೆದು ಚೌಕಟ್ಟಿನಲ್ಲಿ ಲೊಡಲೊಡ ಅಲ್ಲಾಡಿತು.

"ಭಾವ, ಇದು ಮೊದಲೇ ನೆಟ್ಟಗಿತ್ತು," ಅಂದೆ.

"ನಿನ್ನ ಕಣ್ಣಿಗೆ ಏನು ಬಡಿದಿದೆಯೋ?"

ಜಗಳ ಕೇಳಿ ಹೊರಬಂದ ಅಕ್ಕ ಉಕ್ಕಿನ ಅಳತೆಪಟ್ಟಿಯನ್ನು ಅವರ ಮುಂದೆ ಹಿಡಿದಳು. "ಇದೂ ಸೊಟ್ಟಗಿದೆಯೇನ್ರೀ?"

ಭಾವ ಎಡಗಣ್ಣು ಮುಚ್ಚಿದರು, ಆಮೇಲೆ ಬಲಗಣ್ಣು ಮುಚ್ಚಿದರು. "ಬಲಗಣ್ಣಲ್ಲಿ ನಡುವೆ ಬಾಗಿದೆ ಕಣೇ."

"ಬಲಗಣ್ಣಿನ ನರ ಹೊರಡೋ ಕಡೆ ಹುಟ್ಟಿನಿಂದಲೇ ಒಂದು ಸಣ್ಣ ಕುಳಿ ಇದೆ," ಎಂದರು ಕಣ್ಣಿನ ಡಾಕ್ಟರಮ್ಮ. "ಇಷ್ಟು ದಿನ ಸುಮ್ಮನಿತ್ತು. ಈಗ ಒಳಗೆ ನೀರು ಜಿನುಗಿ, ಹಿಂದಿನ ಪರದೆ ಎದ್ದಿದೆ." ನೀರು ಕುಡಿದ ಪ್ಲೈವುಡ್ಡಿನ ಹಾಳೆ ಉಬ್ಬಿದ ಹಾಗೆ ಎಂದುಕೊಂಡೆ. ಆಪರೇಷನ್ ಮಾಡೋಣ, ಆದರೆ ಕಣ್ಣು ಮೊದಲಿನಂತಾಗುತ್ತದೆಂದು ಮಾತು ಕೊಡಲಾರೆ ಎಂದರು. ಆ ಕಣ್ಣು ಹೋದರೆ ಭಾವನ ಕಸುಬೇ ಹೋದಂತೆ.

ಆಪರೇಷನ್ನಿನಲ್ಲಿ ಕಣ್ಣೊಳಗೆ ಗಾಳಿಗುಳ್ಳೆ ಬಿಡುತ್ತಾರಂತೆ. ಆ ಗುಳ್ಳೆ ಮೇಲೇರಿ ಪರದೆಯನ್ನು ಒತ್ತಿ ಹಿಡಿಯಲೆಂದು ಆಮೇಲೆ ಮುಖ ಕೆಳಗೆ ಮಾಡಿಯೇ ಮಲಗಬೇಕಂತೆ. ಭಾವ ಮುಂಚೆಯೇ ಮುಖದಳತೆಗೆ ತೂತು ಕೊರೆದು ಬೆಂಚು ಮಾಡಿಕೊಂಡರು. ಅಂಚು ನೆಟ್ಟಗಿದೆಯೋ ಎಂದು ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಆಪರೇಷನ್ ಮುಗಿಸಿ ಬಂದು ಆ ಬೆಂಚಿನ ಮೇಲೆ ಬೋರಲು ಮಲಗಿ, ನೆಲಕ್ಕೇ ಬೈಯುತ್ತ ದಿನ ದೂಡಿದರು.

ನೀರು ಇಂಗಲು ತಿಂಗಳುಗಳೇ ಹಿಡಿದವು. ಮೊನ್ನೆ ತಪಾಸಣೆಗೆ ಹೋದಾಗ ಭಾವ ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲೇ ನಿಂತು ಎಡಗಣ್ಣು ಮುಚ್ಚಿದರು.

"ಈ ಚೌಕಟ್ಟು ಸೊಟ್ಟಗಿದೆ."

ಅಕ್ಕ ನನ್ನ ತೋಳು ಹಿಡಿದುಕೊಂಡಳು. ನಾನು ಔಷಧಿ ಚೀಲದ ದಾರ ಬಿಚ್ಚಿ, ಕೀಲಿಗೊಂಚಲು ಕಟ್ಟಿ, ಚೌಕಟ್ಟಿನ ಪಕ್ಕ ಇಳಿಬಿಟ್ಟೆ. ಮೇಲೆ ದಾರ ಮರಕ್ಕೆ ತಾಗಿತ್ತು. ಕೆಳಗೆ ಬೆರಳು ತೂರುವಷ್ಟು ಸಂದು.

"ಸೊಟ್ಟಗೇ ಇದೆ, ಭಾವ!" ಎಂದು ಕೂಗಿಬಿಟ್ಟೆ. ಅಕ್ಕ ಅಲ್ಲೇ ಕುಸಿದು ಕೂತು ನಗುತ್ತ ಅತ್ತಳು.

ಭಾವ ಆಗಲೇ ಡಾಕ್ಟರಮ್ಮನ ಎದುರು ನಿಂತಿದ್ದರು. "ಯಾವ ಬಡಗಿ ಮಾಡಿದ್ದಮ್ಮಾ ಇದನ್ನ? ಮೊದಲು ಅವನ ಕಣ್ಣು ನೋಡಿ."