ಚಹಾದ ಮಾತು

ನನ್ನ ಕಂಪ್ಯೂಟರಿನ ಪರದೆಯ ಮೇಲೆ ಹುಣಸೆಬೀಜಕ್ಕಿಂತ ಚಿಕ್ಕದಾದ ಚೌಕಗಳು ಕೆಲವು ಇವೆ. ಮೌಸನ್ನು ಮೇಲೆ ಒಯ್ದು ಒತ್ತಿದರೆ ಒಳಗೊಂದು ಸರಿಗುರುತು ಮೂಡುತ್ತದೆ, ಮತ್ತೊಮ್ಮೆ ಒತ್ತಿದರೆ ಅಳಿಯುತ್ತದೆ. ಉತ್ತರಪತ್ರಿಕೆಗಳ ಮೇಲೆ ಅರ್ಧ ಆಯುಷ್ಯ ಗುರುತು ಹಾಕುತ್ತ ಬಂದ, ಶಿರಸಿಯ ಹೆಗಡೆ ಎಂಬ ಒಬ್ಬ ಕಾಲೇಜು ಮೇಷ್ಟರಿಗೆ ಈ ಆಟ ಹಿಡಿಸಿದ್ದರಲ್ಲಿ ವಿಶೇಷವಿಲ್ಲ. ಗುರುತು ಬೀಳದ ಚೌಕಗಳ ಗತಿ ಏನಾಗುತ್ತದೆ ಎಂದು ಮಾತ್ರ ನಾನು ಬಹಳ ದಿನ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಒಂದು ಮಾವಿನಮರ.

ಧ್ವನಿಮುದ್ರಿಕೆಯನ್ನು ಕೇಳಿ ಬರೆದಿಳಿಸುವುದಕ್ಕೆಂದೇ ಇರುವ ತಂತ್ರಾಂಶವೊಂದನ್ನು ಸ್ನೇಹಿತರೊಬ್ಬರು ನನಗೆ ಹಾಕಿಕೊಟ್ಟಿದ್ದರು. ಅದರಲ್ಲಿ ಮಾತು ಅಲೆಅಲೆಯಾಗಿ ಕಾಣುತ್ತದೆ. ಅಲೆಯ ಕೆಳಗೆ ನಮಗೆ ಬೇಕಾದಷ್ಟು ಸಾಲು ಎಳೆದುಕೊಂಡು, ಯಾರು ಏನು ಹೇಳಿದರೆಂದು ಆಯಾ ಜಾಗದಲ್ಲಿ ತುಂಬಬಹುದು. ನಾನು ಮೂರು ಸಾಲು ಎಳೆದಿದ್ದೆ. ಮೊದಲನೆಯದು ನಾನು ಹಿಂದೊಮ್ಮೆ ಕ್ಯಾಸೆಟ್ಟಿನಲ್ಲಿ ಮಾತು ಹಿಡಿದಿಟ್ಟಿದ್ದ ಕನ್ನಜ್ಜನೆಂಬ ಮುದುಕನದು, ಎರಡನೆಯದು ಪ್ರಶ್ನೆ ಕೇಳುವ ನನ್ನದು, ಮೂರನೆಯದಕ್ಕೆ ಇತರೆ ಎಂದು ಹೆಸರಿಟ್ಟು ಕೆಮ್ಮು, ನಾಯಿ, ಕೋಳಿ ಇವನ್ನೆಲ್ಲ ಅಲ್ಲಿಗೆ ತಳ್ಳಿದ್ದೆ. ಹೀಗೆ ಕಟ್ಟಿದ ಇಡೀ ಗಂಟಿಗೆ ತಂತ್ರಾಂಶದವರು ಪ್ರಾಜೆಕ್ಟ್ ಎನ್ನುತ್ತಾರೆ. ಅದರಿಂದ ಬೇಕಾದ್ದನ್ನು ಆರಿಸಿ ಹೊರಗೆ ಕಳಿಸುವುದಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತಾರೆ. ಎಕ್ಸ್‌ಪೋರ್ಟ್ ಎಂದರೆ ಕಾಳುಮೆಣಸಿನ ಚೀಲಗಳ ವ್ಯವಹಾರ ಎಂದೇ ತಿಳಿದಿದ್ದ ಊರಿನವನು ನಾನು. ನನ್ನ ಬಡಪಾಯಿ ಕ್ಯಾಸೆಟ್ಟಿಗೂ ಆ ಯೋಗ ಬಂದದ್ದು ಕಂಡು ಒಳಗೊಳಗೇ ಹಿಗ್ಗಿದ್ದೆ.

ಕನ್ನಜ್ಜ ಮನ್ಮನೆಯ ಕಡೆಯವನು. ಜೀರಿಗೆಯ ಪರಿಮಳದ ಮಾವಿನಮಿಡಿಯನ್ನು ಹಳ್ಳದ ದಂಡೆಯ ಮುಗಿಲುದ್ದದ ಮರಗಳಿಂದ ಗೊಂಚಲಿಗೆ ಪೆಟ್ಟಾಗದಂತೆ ಇಳಿಸುವುದರಲ್ಲಿ ಅವನಂಥವರು ಸಿದ್ದಾಪುರ ಸೀಮೆಯಲ್ಲಿ ಇರಲಿಲ್ಲ. ಮಿಡಿ ಕೊಯ್ಯುವವರು ತಮ್ಮ ಮರದ ಗುಟ್ಟು ಬಿಟ್ಟುಕೊಡುವುದಿಲ್ಲ. ಕನ್ನಜ್ಜ ಹೆತ್ತ ಮಗಳಿಗೂ ಹೇಳಿರಲಿಲ್ಲ. ತೊಂಬತ್ತರ ದಶಕದ ನಡುವೆ ಒಂದು ಬೇಸಗೆಯಲ್ಲಿ, ಇನ್ನು ಮೊಣಕಾಲು ಮರ ಹತ್ತುವುದಿಲ್ಲವೆಂದು ಖಾತ್ರಿಯಾದ ಮೇಲೆ, ಟೇಪ್‌ರೆಕಾರ್ಡರ್ ಹಿಡಿದು ಹೋಗಿದ್ದ ನನ್ನೆದುರು ಅವನು ಬಾಯಿಬಿಟ್ಟ. ಅಂದಿನ ನನ್ನ ದಿನಚರಿಯಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ: ಹಳ್ಳ ದಾಟಿ ಎಡಕ್ಕೆ ಎರಡನೆಯ ಮರ. ಕೆಳಗೆ, ತಾಳ್ಮೆಯಿಂದ ಆಲಿಸಿದರೆ ಎಂಥವರೂ ಮನಸ್ಸು ಬಿಚ್ಚುತ್ತಾರೆ ಎಂಬ ಒಂದು ಸ್ವಪ್ರಶಂಸೆಯೂ ಇದೆ.

ಕ್ಯಾಸೆಟ್ಟು ಹತ್ತು ವರ್ಷ ಕಪಾಟಿನಲ್ಲಿ ಮಲಗಿತ್ತು. ಅಷ್ಟರಲ್ಲಿ ಕನ್ನಜ್ಜ ತೀರಿಕೊಂಡಿದ್ದ. ಅದನ್ನು ಎಬ್ಬಿಸಿದವಳು ಸುಲೋಚನಕ್ಕ, ನನ್ನ ದೊಡ್ಡಪ್ಪನ ಮಗಳು, ಯಲ್ಲಾಪುರದ ಸೊಸೆ, ಕಸಿ ಕಟ್ಟುವುದರಲ್ಲಿ ಎತ್ತಿದ ಕೈ. ಕನ್ನಜ್ಜ ನಮ್ಮ ಮನೆಗೆ ತಂದುಕೊಡುತ್ತಿದ್ದ ಮಿಡಿಯ ವಾಸನೆಯನ್ನು ಅವಳ ಮೂಗು ಮರೆತಿರಲಿಲ್ಲ. ಕನ್ನಜ್ಜನ ಮನೆ ಹತ್ತಿರದ ಆ ಹಳ್ಳಕ್ಕೆ ಸೇತುವೆ ಬರುತ್ತದೆ, ಮಳೆಗಾಲ ಕಳೆಯುತ್ತಲೇ ಎರಡೂ ದಂಡೆಯ ಮರ ಕಡಿಯುತ್ತಾರೆ ಎಂಬ ಸುದ್ದಿ ಅವಳಿಗೆ ಮುಟ್ಟಿತ್ತು. ಕಸಿಗೆ ಕುಡಿ ತೆಗೆಯುವುದಾದರೆ ಇದೇ ಮಳೆಗಾಲದಲ್ಲಿ ತೆಗೆಯಬೇಕು. ತಪ್ಪಿದರೆ ಆ ಜಾತಿಯೇ ಮುಗಿಯಿತು.

ನಾನು ಉತ್ಸಾಹದಿಂದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಕೇಳಿ ಬರೆದು, ಆ ಪ್ರಾಜೆಕ್ಟನ್ನು ಫ್ಲಾಪಿಗೆ ತುಂಬಿ, ಫ್ಲಾಪಿಯನ್ನು ಅವಲಕ್ಕಿಯ ಡಬ್ಬಿಯೊಳಗಿಟ್ಟು, ಯಲ್ಲಾಪುರದ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟೆ. ನಮ್ಮ ಕಡೆ ಔಷಧಿ, ಜಾತಕ, ನೆಂಟರ ಮನೆಯಲ್ಲಿ ಮರೆತುಬಂದ ಹಲ್ಲಿನ ಸೆಟ್ಟು ಎಲ್ಲವೂ ಹೀಗೇ ಪ್ರಯಾಣ ಮಾಡುವುದರಿಂದ ಆತ ಏನೆಂದು ಕೇಳಲಿಲ್ಲ. ಮರುದಿನ ಸುಲೋಚನಕ್ಕನ ಫೋನು ಬಂತು.

“ತಮಾ, ಡಬ್ಬಿ ಬಂಜು. ಕಂಪ್ಯೂಟರ್ ಕ್ಲಾಸಿನವು ತೆಗದು ತೋರ್ಸಿದ. ಗೆರೆ ಕಾಣ್ತು, ಅಕ್ಷರ ಕಾಣ್ತು. ಕನ್ನಜ್ಜ ಮಾತ್ರ ಬಾಯಿ ಬಿಡ್ತಾ ಇಲ್ಲೆ.”

ಪ್ರಾಜೆಕ್ಟಿನೊಳಗೆ ಧ್ವನಿ ಇರುವುದಿಲ್ಲ, ಧ್ವನಿ ಎಲ್ಲಿದೆಯೆಂಬ ವಿಳಾಸ ಮಾತ್ರ ಇರುತ್ತದೆ ಎಂಬ ಜ್ಞಾನ ನನಗಾದದ್ದು ಆಗ. ಕನ್ನಜ್ಜ ಶಿರಸಿಯ ನನ್ನ ಕೋಣೆಯಲ್ಲೇ ಉಳಿದಿದ್ದ. ಯಲ್ಲಾಪುರಕ್ಕೆ ಹೋದದ್ದು ಅವನ ಮನೆಯ ನಂಬರು. ಮದುವೆಗೆ ದಿಬ್ಬಣವನ್ನಷ್ಟೇ ಕಳಿಸಿ ಮದುಮಗನನ್ನು ಮನೆಯಲ್ಲೇ ಬಿಟ್ಟ ಯಜಮಾನನ ಸ್ಥಿತಿ ನನ್ನದಾಯಿತು. ಧ್ವನಿಯೋ ಫ್ಲಾಪಿಯಲ್ಲಿ ಹಿಡಿಸದಷ್ಟು ದೊಡ್ಡದು, ಸಿ.ಡಿ. ಬರೆಯುವ ಯಂತ್ರ ನನ್ನಲ್ಲಿರಲಿಲ್ಲ. ಅವಮಾನ ಮುಚ್ಚಿಕೊಳ್ಳುವ ಆತುರದಲ್ಲಿ, ಧ್ವನಿ ಯಾಕೆ, ಸಾರ ಸಾಕಲ್ಲ ಎಂದುಕೊಂಡು ಎಕ್ಸ್‌ಪೋರ್ಟ್ ಒತ್ತಿದೆ. ಯಾವ ಸಾಲು ಬೇಕೆಂದು ಮೂರು ಚೌಕಗಳು ಕೇಳಿದವು. ಮೊದಲನೆಯದಕ್ಕೆ ಮಾತ್ರ ಗುರುತು ಹಾಕಿದೆ. ಬಂದ ಪುಟಗಳು ಬಲು ಚೊಕ್ಕವಾಗಿದ್ದವು. ಕನ್ನಜ್ಜ ಹುಟ್ಟಿನಿಂದಲೇ ತಡವರಿಸದ ಭಾಷಣಕಾರ ಎನ್ನುವಂತಿದ್ದವು. ಅವನ್ನು ಅದೇ ಬಸ್ಸಿಗೆ ಹಾಕಿದೆ.

ವಾರದ ಮೇಲೆ ಸುಲೋಚನಕ್ಕ ಸ್ವತಃ ಬಂದಿಳಿದಳು. ಸೀರೆಯಂಚು ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ನನ್ನ ಕಾಗದ, ಅದರೊಳಗೆ ಮಡಿಸಿದ ನಾಲ್ಕು ಮಾವಿನೆಲೆ.

“ಹಳ್ಳ ದಾಟಿದೆ, ಎಡಕ್ಕೆ ತಿರುಗಿದೆ. ಎರಡ್ನೇ ಮರವೂ ಸಿಕ್ಚು. ಎಲೆ ತಿಕ್ಕಿ ಮೂಸಿದ್ರೆ ಜೀರಿಗೆ ವಾಸನೆ ಇಲ್ಲೆ. ನಿನ್ನ ಕಾಗದ ಹೌದು ಹೇಳ್ತು, ನನ್ನ ಮೂಗು ಅಲ್ಲ ಹೇಳ್ತು. ಆನು ಯಾರನ್ನ ನಂಬವು?”

ನಾನು ದಿನಚರಿ ತೆಗೆದು ತೋರಿಸಿದೆ. ಅಲ್ಲೂ ಎಡಕ್ಕೆ ಎಂದೇ ಇತ್ತು. ನನ್ನ ನೆನಪೂ ಎಡಕ್ಕೇ ವಾಲುತ್ತಿತ್ತು. ಮೂರು ಸಾಕ್ಷಿಗಳು ಒಂದೇ ಮಾತು ಹೇಳುತ್ತಿವೆ ಎಂದು ವಾದಿಸುತ್ತಿರುವಾಗಲೇ, ಮೂರೂ ಸಾಕ್ಷಿಗಳು ನಾನೊಬ್ಬನೇ ಎಂಬುದು ಹೊಳೆದು ದನಿ ತಗ್ಗಿತು. ನೆನಪು ದಿನಚರಿಯಿಂದ, ದಿನಚರಿ ನನ್ನ ಕಿವಿಯಿಂದ, ಕಾಗದ ಅದೇ ಕಿವಿ ಎರಡನೆಯ ಸಲ ಕೇಳಿದ್ದರಿಂದ ಹುಟ್ಟಿದ್ದು.

ಸುಲೋಚನಕ್ಕ ಕಾಗದ ತಿರುವಿಹಾಕಿ ಕೇಳಿದಳು: “ಯಲ್ಲಾಪುರದಲ್ಲಿ ಪರದೆ ಮೇಲೆ ಚಹಾದ ಮಾತು ಹೇಳಿ ಒಂದು ಬರದಿತ್ತು. ಇದ್ರಲ್ಲಿ ಅದು ಇಲ್ಲೆ. ಎಂತ ಅದು?”

“ಎಂತದೂ ಇಲ್ಲೆ ಅಕ್ಕಾ, ಚಾ ಕುಡದ್ದು ಅಷ್ಟೇ.”

“ಕನ್ನಜ್ಜನ ಚಾ ಆನೂ ಕೇಳ್ತೆ. ಹಚ್ಚು.”

ಹಚ್ಚಿದೆ. ಹಳ್ಳ ದಾಟಿ ಎಡಕ್ಕೆ ಎರಡ್ನೇ ಮರ ಎಂದು ಕನ್ನಜ್ಜ ಸ್ಪಷ್ಟವಾಗಿಯೇ ಹೇಳಿದ. ಆಮೇಲೆ ನಾಯಿ ಬೊಗಳಿತು, “ತಂಗೀ, ಹೆಗಡೇರಿಗೆ ಚಾ ತಾರೆ” ಎಂದು ಅವನು ಒಳಗಿದ್ದ ಮಗಳಿಗೆ ಕೂಗಿದ, ಲೋಟದ ಸದ್ದಾಯಿತು. ನಾನು ಮೂರನೆಯ ಸಾಲಿನಲ್ಲಿ ಚಹಾದ ಮಾತು ಎಂದು ಬರೆದು ಮುಂದೆ ದಾಟಿದ್ದು ಇಲ್ಲಿಯೇ. ಲೋಟದ ಸದ್ದಿನ ಕೆಳಗೆ ಕನ್ನಜ್ಜ ಇನ್ನೂ ಮಾತಾಡುತ್ತಿದ್ದ. “ಹೆಗಡೇರೇ, ನಾ ಹೇಳಿದ್ದು ನಮ್ಮನೆ ಕಡಿಂದ ಹೋದ್ರೆ. ನೀವು ರಸ್ತೆ ಕಡಿಂದ ಬಂದ್ರೆ ಹಳ್ಳ ದಾಟೂದು ಬ್ಯಾಡ. ಈಚೆ ದಂಡೆ, ಬಲಕ್ಕೆ...” ಅದರ ಮೇಲೇ ಬಿದ್ದು ಒಂದು ಎಳೆಯ, ಅವಸರದ ದನಿ: “ಆತು ಆತು ಕನ್ನಜ್ಜ, ಬರ್ಕಂಡಾತು. ಸಕ್ರೆ ಕಮ್ಮಿ ಹಾಕೂಲೆ ಹೇಳು.”

ಆ ದನಿ ಯಾರದೆಂದು ಗುರುತಿಸಲು ನನಗೆ ಒಂದು ಕ್ಷಣ ಬೇಕಾಯಿತು. ಸುಲೋಚನಕ್ಕನಿಗೆ ಬೇಕಾಗಲಿಲ್ಲ.

“ಅಂವ ದಾರಿ ಹೇಳ್ತಾ ಇದ್ದ, ನೀ ಸಕ್ರೆ ಹೇಳ್ತಾ ಇದ್ದೆ” ಎಂದು ನಕ್ಕು, ಛತ್ರಿ ಎತ್ತಿಕೊಂಡಳು.

ಅವಳಿಗೆ ನಗು ಬಂತು. ನನಗೆ ಅಷ್ಟು ಸುಲಭವಾಗಿ ಬರಲಿಲ್ಲ. ಆಯುಷ್ಯವೆಲ್ಲ ಮುಚ್ಚಿಟ್ಟ ಗುಟ್ಟನ್ನು ಬಿಚ್ಚಿಟ್ಟಿದ್ದಲ್ಲದೆ, ಕೇಳುವವನು ಯಾವ ದಿಕ್ಕಿನಿಂದ ಬರುತ್ತಾನೆಂದು ಯೋಚಿಸಿ ಆ ಮನುಷ್ಯ ಅದನ್ನು ತಿರುಗಿಸಿ ಹೇಳುತ್ತಿದ್ದ. ದಾರಿ ಹೇಳುವುದರಲ್ಲಿ ಇದಕ್ಕಿಂತ ದೊಡ್ಡ ಸೌಜನ್ಯ ಇನ್ನೇನಿದೆ? ತಾಳ್ಮೆಯ ಆಲಿಕೆಯ ಬಗ್ಗೆ ಆ ರಾತ್ರಿಯೇ ದಿನಚರಿ ಬರೆದ ಮಹಾಶಯನ ಕಿವಿಗೆ ಅದು ಬಿದ್ದೇ ಇರಲಿಲ್ಲ.

ಮರುದಿನ ಇಬ್ಬರೂ ರಸ್ತೆಯ ಕಡೆಯಿಂದ ಹೋದೆವು. ಹಳ್ಳದ ಈಚೆಯ ದಂಡೆಯಲ್ಲಿ, ಬಲಕ್ಕೆ ಎರಡನೆಯ ಮರದ ಎಲೆಯನ್ನು ಸುಲೋಚನಕ್ಕ ತಿಕ್ಕಿ ಮೂಸಿದಳು. ಆಮೇಲೆ ನನ್ನ ಮೂಗಿನ ಕೆಳಗೆ ಹಿಡಿದಳು. ನನ್ನ ಮೂಗನ್ನೂ ನಾನು ಈಚೆಗೆ ನಂಬುವುದಿಲ್ಲ. ಆದರೂ ಅದು ಒಗ್ಗರಣೆಯ ಹೊತ್ತಿನ ಅಡುಗೆಮನೆಯನ್ನೇ ಹೇಳಿತು. ಅವಳು ತೆಗೆದ ಕುಡಿಗಳಲ್ಲಿ ಅರ್ಧದಷ್ಟು ಚಿಗುರಿದವು. ಸೇತುವೆ ಆಯಿತು, ಮರ ಹೋಯಿತು.

ಮೊದಲ ಕಸಿಗಿಡದ ಜೊತೆ ಕ್ಯಾಸೆಟ್ಟಿನ ಒಂದು ಪ್ರತಿಯನ್ನೂ ಹಿಡಿದುಕೊಂಡು, ಕನ್ನಜ್ಜನ ಮಗಳು ಗಂಗೆಯನ್ನು ಹುಡುಕಿ ಗುಡ್ನಾಪುರಕ್ಕೆ ಹೋದೆ. ಮದುವೆಯಾಗಿ ಅಲ್ಲಿ ನೆಲೆಸಿದ ಅವಳ ಮಾತು ಪೂರ್ತಿ ಆ ಕಡೆಯದಾಗಿತ್ತು. ಗಿಡವನ್ನು ಬಾವಿಯ ಬಳಿ ಇಡಿಸಿದಳು. ಕ್ಯಾಸೆಟ್ಟು ಹಾಕಿದಾಗ ಮರದ ಗುಟ್ಟು ಬರುವಲ್ಲಿ ನಾನು ದನಿ ಏರಿಸಿದೆ. ಅದರಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ. ನಾಯಿ ಬೊಗಳಿ, ತಂಗೀ ಎಂಬ ಕೂಗು ಬಂದಾಗ ಗಂಗೆ ತಟ್ಟನೆ ಎದ್ದು ನಿಂತುಬಿಟ್ಟಳು. ಆಮೇಲೆ ನಾಚಿಕೆಯಿಂದ ಕೂತು ಹೇಳಿದಳು: “ಅದನ್ನ ಇನ್ನೊಮ್ಮೆ ಹಚ್ರಿ ಸರ. ನನ್ನ ಕರದದ್ದು.”

ಮನೆಗೆ ಬಂದು ತಂತ್ರಾಂಶ ತೆರೆದು, ಚಹಾದ ಮಾತು ಎಂಬುದನ್ನು ಅಳಿಸಿ, ಅಲ್ಲಿ ಇದ್ದುದೆಲ್ಲವನ್ನೂ ಬರೆದಿಳಿಸಿದೆ; ನಾನು ಆಡಿದ್ದನ್ನು ಮಾತ್ರ ನನ್ನ ಸಾಲಿಗೆ ಹಾಕಿದೆ. ಈ ಸಲ ಧ್ವನಿ, ಅಕ್ಷರ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಸಿ.ಡಿ.ಗೆ ಬರೆಸುವ ಏರ್ಪಾಡು ಮಾಡಿಕೊಂಡಿದ್ದೆ. ಎಕ್ಸ್‌ಪೋರ್ಟ್ ಒತ್ತಿದಾಗ ಅವೇ ಮೂರು ಚೌಕಗಳು ಕೇಳಿದವು. ಮೂರನೆಯದಕ್ಕೆ ಮೊದಲು ಗುರುತು ಹಾಕಿದೆ, ಆಮೇಲೆ ಮೊದಲನೆಯದಕ್ಕೆ. ನನ್ನ ಸಕ್ಕರೆಯ ಮಾತು ಇರುವ ಎರಡನೆಯ ಸಾಲಿನ ಚೌಕದ ಮೇಲೆ ಕೈ ಸ್ವಲ್ಪ ಹೊತ್ತು ನಿಂತಿತು. ಯಾರಿಗೂ ಬೇಡದ ಸಾಲು ಅದೊಂದೇ, ಬಿಟ್ಟರೆ ನಷ್ಟವಿಲ್ಲ ಎಂದು ಮನಸ್ಸು ಬಲು ಚೊಕ್ಕವಾಗಿ ವಾದಿಸಿತು. ಆ ಚೊಕ್ಕತನದ ಪರಿಚಯ ನನಗೆ ಆಗಲೇ ಆಗಿದ್ದರಿಂದ, ಒತ್ತಿದೆ.