ಹನ್ನೆರಡು ಹಸಿರು ಬಳೆ

ಆ ಹಿಂದಿ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ನಾನು ಒಲೆ ಆರಿಸಿ ಓಡಿ ಬರುತ್ತೇನೆ. ನಾಯಕಿ ಕೂತು ರೊಟ್ಟಿ ಬಡಿಯುತ್ತಾಳಲ್ಲ, ಅಲ್ಲಿ ಮುಖ ಅವಳದು, ಕೈ ನನ್ನದು. ಹತ್ತು ಎಣಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಅಷ್ಟಕ್ಕೆ ನಾನು ಎರಡು ದಿನ ಪಟ್ಟ ಪಾಡು ನನಗೇ ಗೊತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಯೆರವಡಾದ ಖಾನಾವಳಿಯೊಂದರಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ನಮ್ಮನ್ನು ಪುಣೆಗೆ ಕರೆತಂದ ಗಂಡ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅತ್ತೆಗೂ ಗಂಡನಿರಲಿಲ್ಲ. ನನ್ನ ಬಳೆ ಒಡೆದ ದಿನ ನನ್ನ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡವಳು ಅವಳೇ.

ಶಿರೂರು ರಸ್ತೆಯ ಹಳ್ಳಿಯೊಂದರಲ್ಲಿ ಶೂಟಿಂಗ್ ನಡೆದಿತ್ತು. ಊಟ ನಮ್ಮ ಖಾನಾವಳಿಯಿಂದ ಹೋಗುತ್ತಿತ್ತು. ಒಂದು ದಿನ ಊಟದ ಗಾಡಿಯಲ್ಲಿ ನನ್ನನ್ನೂ ಕರೆಸಿಕೊಂಡರು. ಹೋಗಿ ನೋಡಿದರೆ ನಾಯಕಿ, ಪಾಪ, ಹಿಟ್ಟಿನ ಮುಂದೆ ಅಳುಮೋರೆ ಹಾಕಿಕೊಂಡು ಕೂತಿದ್ದಾಳೆ. ಬಡಿದ ರೊಟ್ಟಿಯೆಲ್ಲ ಹರಿದು ಚೂರು. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ನಿಂತೀತೇ? ಅಷ್ಟು ಜನರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ! ನಾನು ಬಿಸಿನೀರು ಹಾಕಿ ನಾದಿ, ಬಡಿದು ತೋರಿಸಿದೆ. ಹತ್ತಿರದಿಂದ ತೆಗೆಯುವಾಗ ನಿನ್ನ ಕೈಯನ್ನೇ ತೋರಿಸುತ್ತೇವೆ ಅಂದರು.

ಅಷ್ಟರಲ್ಲಿ ಸೋಪಿನ ನೀರು, ಹನ್ನೆರಡು ಹಸಿರು ಬಳೆ ಬಂದವು. ಕಥೆಯಲ್ಲಿ ನಾಯಕಿ ಹೊಸ ಮದುಮಗಳು. ಗಂಡನಿಲ್ಲದವಳು ನಾನು, ತೊಡುವ ಹಾಗಿಲ್ಲ ಎಂದು ಮರಾಠಿಯಲ್ಲಿ ಹೇಳಿದೆ. ಬರೀ ಕೈ ಕಾಣುತ್ತದೆ ಅಕ್ಕಾ, ಯಾರಿಗೆ ತಿಳಿಯುತ್ತದೆ ಎಂದಳು ನೋಟುಬುಕ್ಕು ಹಿಡಿದಿದ್ದ ಹುಡುಗಿ. ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಕೈ ಚಾಚಿದೆ.

ಬಿಸಿಲು ಇಳಿದು ಕೆಲಸ ಅರ್ಧಕ್ಕೆ ನಿಂತಿತು. ಬಳೆ ತೆಗೆಯಹೋದರೆ ಆ ಹುಡುಗಿ ಹೌಹಾರಿದಳು. ತೆಗೆಯುವಾಗ ಒಂದು ಒಡೆದರೂ ಇವತ್ತು ತೆಗೆದ ಚಿತ್ರಕ್ಕೂ ನಾಳೆ ತೆಗೆಯುವುದಕ್ಕೂ ತಾಳೆಯಾಗುವುದಿಲ್ಲವಂತೆ. ಅದೇ ನಮೂನೆಯ ಬಳೆ ಬೇರೆ ಇರಲಿಲ್ಲ. ಹಾಗೇ ಮನೆಗೆ ಹೋಗು, ನಾಳೆ ಹಾಗೇ ಬಾ ಅಂದಳು. ಹೇಳುವುದು ಸುಲಭ!

ಸೆರಗಿನಲ್ಲಿ ಕೈ ಸುತ್ತಿಕೊಂಡು ಬಂದೆ. ಸದ್ದು ಮುಚ್ಚಿಡಲಾದೀತೇ? ಅತ್ತೆ ನೋಡಿಯೇಬಿಟ್ಟಳು. ಅವಳು ಹೊರಗೆ ಹಾಕಿದರೆ ಈ ಊರಲ್ಲಿ ನನಗೆ ಇನ್ಯಾರಿದ್ದರು? ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಎಷ್ಟ ಅದಾವ?" ಅಂದಳು.

"ಹನ್ನೆರಡ್ರಿ ಅತ್ತಿ. ಒಂದ ಒಡದ್ರೂ ಭಾಳ ತ್ರಾಸ ಆಗ್ತದಂತ."

"ಮತ್ತ ಭಾಂಡೆಕ್ಕ ಯಾಕ ಕೈ ಹಾಕ್ತಿ? ಸರಿ ಅತ್ಲಾಗ!"

ಪಾತ್ರೆಯೆಲ್ಲ ತಾನೇ ತಿಕ್ಕಿದಳು, ನೀರು ತಾನೇ ತಂದಳು. ಓಣಿಯ ಹೆಂಗಸೊಬ್ಬಳು ಇಣುಕಿ ಮೂಗು ಮುರಿದಾಗ, "ಕೆಲಸದ ಬಳಿ ಅವ. ನಿನಗೇನಾಗೇದ?" ಎಂದು ಅವಳ ಬಾಯಿ ಮುಚ್ಚಿಸಿದಳು. ಮರುದಿನ ನಾನು ಹೊರಡುವಾಗ ಒಂದೊಂದೇ ಬಳೆ ಮುಟ್ಟಿ ಎಣಿಸಿ ಕಳಿಸಿದಳು.

ಆ ದಿನ ಮಧ್ಯಾಹ್ನಕ್ಕೇ ಕೆಲಸ ಮುಗಿಯಿತು. ಬಳೆ ನೀನೇ ಇಟ್ಟುಕೋ ಎಂದು ಹುಡುಗಿ ನಕ್ಕಳು. ಇಟ್ಟುಕೊಂಡು ಏನು ಮಾಡಲಿ? ಇನ್ನು ನೆಪವೂ ಇರಲಿಲ್ಲ. ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತೆ.

"ಅತ್ತೀ, ಶೂಟಿಂಗ್ ಮುಗೀತ್ರಿ. ಬಳಿ ತೆಗೀಬೇಕು, ಸೋಪ್ ಕೊಡ್ರಿ."

ಅತ್ತೆ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಸೋಪ್ ತೀರೇದ."

ಬಚ್ಚಲ ಕಟ್ಟೆಯ ಮೇಲೆ ಹೊಸ ಸೋಪು ಇಬ್ಬರಿಗೂ ಕಾಣುವಂತೆ ಇತ್ತು. ನಾನು ಅದನ್ನು ನೋಡಿದೆ, ಅವಳನ್ನು ನೋಡಿದೆ.

"ಯಾವಾಗ ತರೂದ್ರಿ?"

"ತರೂಣಂತ ತಗೋ. ಗಡಿಬಿಡಿ ಏನದ?" ಎಂದು ಜೋಳದ ಮೊರವನ್ನು ನನ್ನ ಕಡೆಗೆ ಸರಿಸಿದಳು.