ಹತ್ಯಾರದ ಪೂಜೆ

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಯಾವುದೋ ಕಂಪನಿಯವರು ನಮ್ಮ ಶಾಲೆಗೆ ಬಂದು ತಲೆಗೊಂದು ಲ್ಯಾಪ್‌ಟಾಪ್ ಕೊಟ್ಟರು. ಮರಾಠಿ ಸೀಮೆಯ ಖರಾಡಿಯಲ್ಲಿ ಎದ್ದುನಿಲ್ಲುತ್ತಿದ್ದ ಕಟ್ಟಡವೊಂದರ ಬುಡದಲ್ಲಿ ನಮ್ಮ ತಗಡಿನ ಶೆಡ್ಡು. ಯಾದಗಿರಿ ಕಡೆಯಿಂದ ದುಡಿಯಲು ಬಂದವರು ನಾವು. ಅಪ್ಪ ಗೋಡೆ ಕಟ್ಟುವ ಗೌಂಡಿ, ಅವ್ವ ಕಬ್ಬಿಣದ ಪುಟ್ಟಿಯಲ್ಲಿ ಸಿಮೆಂಟು ಹೊರುತ್ತಿದ್ದಳು. ನನ್ನ ಓರಗೆಯ ಹುಡುಗಿಯರೆಲ್ಲ ಆಗಲೇ ಪುಟ್ಟಿ ಹೊರಲು ತಲೆಗೆ ಸಿಂಬಿ ಸುತ್ತಿದ್ದರು. ಉಳಿದವಳು ನಾನೊಬ್ಬಳೇ.

ಲ್ಯಾಪ್‌ಟಾಪ್ ತಂದ ಸಂಜೆ ಅಪ್ಪ ಕೈ ತೊಳೆದುಕೊಂಡು ಬಂದ. ಆದರೂ ಮುಟ್ಟಲಿಲ್ಲ, ಬಗ್ಗಿ ನೋಡಿದ.

“ಇದು ನಿನ್ನ ಹತ್ಯಾರ ನೋಡವ್ವ, ನನಗ ಗಾರೆ ಮೆತ್ತೋ ಥಾಪಿ ಇದ್ದಂಗ. ಇದು ಇರೋತನಕ ನೀ ಪುಟ್ಟಿ ಹೊರಂಗಿಲ್ಲ” ಎಂದ.

ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡಂತೆ ಇಟ್ಟುಕೊಂಡೆ. ಅವ್ವನೂ ಇಟ್ಟುಕೊಂಡಿದ್ದಳು, ಅದೇ ಮುಳುವಾಯಿತು.

ದಸರೆಯಲ್ಲಿ ಹತ್ಯಾರಗಳನ್ನು ಪೂಜಿಸುವ ಖಂಡೆಪೂಜೆಯ ದಿನ ನಾನು ಟ್ಯಾಂಕರಿನ ನೀರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಥಾಪಿ, ಸಲಿಕೆ, ಪುಟ್ಟಿಗಳ ನಡುವೆ ನನ್ನ ಲ್ಯಾಪ್‌ಟಾಪ್ ತೆರೆದಿಟ್ಟು, ಅರಿಸಿನ ಕುಂಕುಮ ಏರಿಸಿ, ಕಾಯಿ ಒಡೆದ ನೀರನ್ನು ಎಲ್ಲದರ ಮೇಲೂ ಭಕ್ತಿಯಿಂದ ಚಿಮುಕಿಸಿಬಿಟ್ಟಿದ್ದಳು. ಅದು ಮತ್ತೆ ಚಾಲೂ ಆಗಲಿಲ್ಲ. ಬೀಳಿಸಬೇಡಿ, ಮಾರಬೇಡಿ, ಸಿನಿಮಾ ನೋಡಬೇಡಿ ಎಂದೆಲ್ಲ ಶಾಲೆಯಲ್ಲಿ ಹೇಳಿದ್ದರು. ಪೂಜೆ ಮಾಡಬೇಡಿ ಎಂದು ಯಾರೂ ಹೇಳಿರಲಿಲ್ಲ.

ಮುಖ್ಯಾಧ್ಯಾಪಕಿ ಅಪ್ಪನನ್ನು ಕರೆಸಿ, ನಿಲ್ಲಿಸಿಕೊಂಡೇ, ಮರಾಠಿಯಲ್ಲಿ ಜಾಡಿಸಿದರು. ಬೇರೆಯದು ಸಿಗುವುದಿಲ್ಲವಂತೆ. ಕಪಾಟಿನಲ್ಲಿ ಹಂಚಿ ಉಳಿದವು ಡಬ್ಬಿ ಸಮೇತ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪಕ್ಕದವಳದ್ದು ನೋಡಿ ಕಲಿ ಎಂದು ನನಗೆ ಹೇಳಿದರು. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲೇ ನಡೆಯುತ್ತಿತ್ತು, ಪಕ್ಕದವಳು ಪರದೆಯನ್ನು ಅತ್ತ ತಿರುಗಿಸಿಕೊಳ್ಳುತ್ತಿದ್ದಳು. ವಾರ್ಷಿಕ ಪರೀಕ್ಷೆಯಲ್ಲಿ ನಪಾಸಾದೆ. ಶಾಲೆ ಅಲ್ಲಿಗೆ ಮುಗಿಯಿತು.

“ನಾ ಕೈ ಮುಗದದ್ದಕ್ಕ ಹಾಳಾತೇನ?” ಎಂದು ಅವ್ವ ಒಮ್ಮೆ ಕೇಳಿದಳು. ಅವಳ ಮೇಲೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾದೀತು. ಮರುಕ ಬಂದದ್ದೂ ಅಷ್ಟೇ ನಿಜ. ಕೊಡ ಎತ್ತಿಕೊಂಡು ಟ್ಯಾಂಕರಿನ ನೀರಿಗೆ ಹೋದೆ.

ಮರುವರ್ಷ ಖಂಡೆಪೂಜೆಗೆ ಅವ್ವ ಹತ್ಯಾರಗಳನ್ನು ತೊಳೆದು ಸಾಲಾಗಿ ಇಟ್ಟಳು. ಅಪ್ಪನ ಥಾಪಿ, ಸಲಿಕೆ, ತನ್ನ ಸವೆದ ಪುಟ್ಟಿ. ಅದರ ಪಕ್ಕದಲ್ಲಿ ಹೊಸದೊಂದು ಪುಟ್ಟಿ, ಸ್ವಲ್ಪ ಸಣ್ಣದು. ಅದಕ್ಕೆ ಕುಂಕುಮ ಹಚ್ಚುವಾಗ ಅವಳು ನನ್ನ ಮುಖ ನೋಡಲಿಲ್ಲ. ಆಮೇಲೆ ಕಾಯಿ ಒಡೆದು ಅದರ ಮೇಲೂ ನೀರು ಚಿಮುಕಿಸಿದಳು. ಅದಕ್ಕೆ ಏನೂ ಆಗಲಿಲ್ಲ.